ಸೈಕಲ್ ತುಳಿಯೋ ಹೆಣ್ಮಕ್ಕಳು ಒಳಗೆ ಏನು ಹಾಕ್ಕೊಬೇಕು, ಅಂಗಡೀಲಿ ಹೇಗೆ ನೋಡಿ ತಗೋಬೇಕು

ಅಂಗಡೀಗೆ ಹೋಗಿ ಪ್ಯಾಂಟಿ ಕೇಳಿದ್ರೆ ಮೊದಲು ಬಣ್ಣ ತೋರಿಸ್ತಾರೆ, ಆಮೇಲೆ ಲೇಸು, ಆಮೇಲೆ ಮೂರರ ಪ್ಯಾಕ್ ಆಫರ್ರು. ಸೈಕಲ್ ತುಳಿಯೋರಿಗೆ ಇವ್ಯಾವೂ ಬೇಕಾಗಿಲ್ಲ. ಕೈಗೆ ತಗೊಂಡ ತಕ್ಷಣ ಒಳಗಡೆ ಹೊರಗೆ ಮಾಡಿ, ಹೊಲಿಗೆ ಎಲ್ಲೆಲ್ಲಿ ಹಾದು ಹೋಗಿದೆ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ನಾನು ಗೌರಿಬಿದನೂರು ಕಡೆ ಗಾರ್ಮೆಂಟ್ಸಲ್ಲಿ ಚೆಕಿಂಗಲ್ಲಿ ಇದ್ದೋಳು, ಅದಕ್ಕೇ ಈ ಉಲ್ಟಾ ಮಾಡಿ ನೋಡೋ ಚಟ ಹೋಗಿಲ್ಲ. ಈಗ ಚಿಕ್ಕಬಳ್ಳಾಪುರದಲ್ಲಿದೀನಿ, ವಾರದ ದಿನ ಕೆಲಸಕ್ಕೆ ಸೈಕಲ್ಲು, ಭಾನುವಾರ ಆದ್ರೆ ನಂದಿ ಬೆಟ್ಟದ ಕಡೆ. ಕೆಳಗೆ ಬರೆದಿರೋದು ಗೇರ್ ಸೈಕಲ್ ಇಟ್ಕೊಂಡು ಬೆಟ್ಟ ಹತ್ತೋರಿಗೂ ಆಗುತ್ತೆ, ಚೂಡಿದಾರ್ ಹಾಕ್ಕೊಂಡು ಲೇಡೀಸ್ ಸೈಕಲ್ಲಲ್ಲಿ ಬಸ್ ಸ್ಟ್ಯಾಂಡ್ ತನಕ ಹೋಗಿ ಬರೋರಿಗೂ ಆಗುತ್ತೆ.

ಉರಿ ಯಾಕೆ ಬರುತ್ತೆ ಅಂತ ಮೊದಲು ಗೊತ್ತಿದ್ರೆ ಆರಿಸೋದು ಸುಲಭ. ಕುರ್ಚಿ ಮೇಲೆ ಕೂತಾಗ ಭಾರ ಅಗಲವಾಗಿ ಹರಡ್ಕೊಂಡಿರುತ್ತೆ, ಸೈಕಲ್ ಸೀಟಲ್ಲಿ ಅದೇ ಭಾರ ಕುಂಡಿಯ ಎರಡು ಮೂಳೆ ಮೇಲೆ ಬೀಳುತ್ತೆ, ಹ್ಯಾಂಡಲ್ ಕಡೆ ಬಗ್ಗಿದಷ್ಟೂ ಆ ಭಾರ ಮುಂದಿನ ಮೆತ್ತನೆ ಜಾಗಕ್ಕೆ ಜಾರುತ್ತೆ. ಅದರ ಜೊತೆಗೆ ತೊಡೆ ಸುಮ್ನಿರಲ್ಲ. ನಿಮಿಷಕ್ಕೆ 70 ಸಲ ಪೆಡಲ್ ತಿರುಗಿಸಿದ್ರೆ ಗಂಟೆಗೆ 4200 ಸಲ ಆಯ್ತು, ಅಷ್ಟು ಸಲವೂ ಎಲಾಸ್ಟಿಕ್ಕು ಅದೇ ಜಾಗಕ್ಕೆ ಉಜ್ಜುತ್ತೆ, ಮೇಲಿಂದ ಬೆವರಲ್ಲಿ ಚರ್ಮ ನೆನೆದಿರುತ್ತೆ, ನೆನೆದ ಚರ್ಮ ಬೇಗ ಕಿತ್ಕೊಳ್ಳುತ್ತೆ. ಒತ್ತಡ, ಉಜ್ಜಾಟ, ಒದ್ದೆ, ಈ ಮೂರೇ. ಒಳಉಡುಪಿನಿಂದ ಕೊನೇ ಎರಡನ್ನ ಚೆನ್ನಾಗಿ ತಡೀಬಹುದು, ಮೊದಲನೇದನ್ನ ಸ್ವಲ್ಪ ಮಾತ್ರ, ಅದು ಹೆಚ್ಚಾಗಿ ಸೀಟಿನ ವಿಷಯ.

ಈಗ ಹೊಲಿಗೆ. ಉಲ್ಟಾ ಮಾಡಿದಾಗ ದಾರ ಸುತ್ಕೊಂಡು ಹಗ್ಗದ ಥರ ಎದ್ದಿರೋ ಅಂಚು ಕಾಣುತ್ತಲ್ಲ, ಅದು ಓವರ್‌ಲಾಕ್. ಅಗ್ಗ, ಬೇಗ ಆಗುತ್ತೆ, ಅದಕ್ಕೇ ಎಲ್ಲದರಲ್ಲೂ ಅದೇ ಇರುತ್ತೆ. ದಿನಾ ಮನೇಲಿ ಹಾಕ್ಕೊಳ್ಳೋಕೆ ತೊಂದರೆ ಇಲ್ಲ, ಸೀಟ್ ಮೇಲೆ ಕೂತ್ರೆ ಆ ಎದ್ದಿರೋ ಅಂಚೇ ಗೆರೆ ಎಳೀತಾ ಹೋಗುತ್ತೆ. ಫ್ಲಾಟ್‌ಲಾಕ್ ಅಂತ ಇನ್ನೊಂದಿದೆ, ಎರಡೂ ಬಟ್ಟೆ ಪಕ್ಕಪಕ್ಕ ಕೂತು ಹೊಲಿಗೆ ಚಪ್ಪಟೆ ಮಲಗಿರುತ್ತೆ, ಹೆಬ್ಬೆರಳಲ್ಲಿ ಸವರಿದ್ರೆ ಗುಡ್ಡ ಸಿಗಲ್ಲ. ಸ್ಪೋರ್ಟ್ಸ್ ಬಟ್ಟೇಲಿ ಇದು ಸಿಗುತ್ತೆ. ಇನ್ನು ಕೆಲವು ಕಂಪನಿಯೋರು ಹೊಲಿಗೇನೇ ಇಲ್ದಂಗೆ ಅಂಚನ್ನ ಅಂಟಿಸಿ ಬಿಡ್ತಾರೆ, ಸೀಮ್‌ಲೆಸ್ ಅಂತ ಡಬ್ಬಿ ಮೇಲೆ ಬರೆದಿರುತ್ತೆ, ಅದೂ ಒಳ್ಳೇದೇ, ಆದ್ರೆ ತುಂಬಾ ಸಲ ಬಿಸಿನೀರಲ್ಲಿ ಒಗೆದ್ರೆ ಅಂಟು ಬಿಡುತ್ತೆ.

ಆಮೇಲೆ ಮಧ್ಯದ ಡಬಲ್ ಬಟ್ಟೆ, ಗಸೆಟ್ ಅಂತೀವಿ. ಅದು ಅಗಲವಾಗಿರಬೇಕು, ಕಾಟನ್ನಿಂದಿರಬೇಕು, ಮುಖ್ಯವಾಗಿ ಅದನ್ನ ಮುಂದೆ ಹಿಂದೆ ಜೋಡಿಸಿರೋ ಅಡ್ಡ ಹೊಲಿಗೆ ನೀವು ಕೂರೋ ಜಾಗಕ್ಕೆ ಬರಬಾರದು. ಬಾಯ್‌ಶಾರ್ಟ್ಸ್ ಅಂತ ಬರುತ್ತಲ್ಲ, ತೊಡೆ ತನಕ ಇಳಿಯೋದು, ಅದು ಸೈಕಲ್ಲಿಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ನಿಜವೇ, ಆದ್ರೆ ಅದರಲ್ಲೊಂದು ಮೋಸ ಇದೆ. ಎಷ್ಟೋ ಬಾಯ್‌ಶಾರ್ಟ್ಸಲ್ಲಿ ಮುಂದಿನಿಂದ ಹಿಂದಿನ ತನಕ ನಡುವೆ ಒಂದು ಉದ್ದ ಹೊಲಿಗೆ, ಕಾಲಿಂದ ಕಾಲಿಗೆ ಇನ್ನೊಂದು, ಎರಡೂ ಸೇರೋ ಕಡೆ ನಾಲ್ಕು ಪದರ ಬಟ್ಟೆ ಗಂಟು. ಆ ಗಂಟು ಎಲ್ಲಿ ಬರುತ್ತೆ ಅಂತ ಹೇಳೋದೇ ಬೇಡ. ಅಂಥದ್ದು ಕಂಡ್ರೆ ವಾಪಸ್ ಡಬ್ಬಿಗೆ ಹಾಕಿ, ನಡುವೆ ಅಗಲ ಪಟ್ಟಿ ಕೊಟ್ಟು ಹೊಲಿದಿರೋದು ತೋರಿಸಿ ಅನ್ನಿ.

ಕಾಲಿನ ಎಲಾಸ್ಟಿಕ್ ತೊಡೆ ಮಡಿಚೋ ಗೆರೆ ಮೇಲೇ ಕೂತ್ರೆ ಒಂದೇ ಗಂಟೇಲಿ ಕೆಂಪಗೆ ಬರೆ ಎದ್ದಿರುತ್ತೆ. ಹಾಗಾಗಿ ಅಂಚು ಒಂದೋ ಆ ಗೆರೆ ದಾಟಿ ಎರಡು ಮೂರು ಇಂಚು ಕೆಳಗಿರಬೇಕು, ಇಲ್ಲ ಅಂದ್ರೆ ಎಲಾಸ್ಟಿಕ್ಕೇ ಇಲ್ಲದ ತೆಳು ಅಂಚಿರಬೇಕು. ಸೈಜಿನ ವಿಷಯಕ್ಕೆ ಬಂದ್ರೆ ನಮ್ಮಲ್ಲಿ ಅಮ್ಮಂದಿರು ಸ್ವಲ್ಪ ದೊಡ್ಡದೇ ಇರಲಿ, ಗಾಳಿ ಆಡುತ್ತೆ ಅಂತಾರೆ, ಸೈಕಲ್ ಮೇಲೆ ಅದು ನಡೆಯಲ್ಲ, ದೊಗಳೆ ಬಟ್ಟೆ ಸುರುಳಿ ಸುತ್ಕೊಂಡು ಸಂದಿಗೆ ಸೇರುತ್ತೆ. ಮೈಗೆ ಕೂತಿರಬೇಕು, ಬಿಚ್ಚಿದಾಗ ಸೊಂಟದಲ್ಲಿ ಆಳವಾದ ಗುರುತು ಬಿದ್ದಿರಬಾರದು. ಮನೇಲಿ ಹಾಕ್ಕೊಂಡು ಒಂದು ಕಾಲನ್ನ ಮೆಟ್ಟಿಲ ಮೇಲಿಟ್ಟು ಮಂಡಿ ಎದೆ ಕಡೆ ಎತ್ತಿ ಇಳಿಸಿ, ಒಂದಿಪ್ಪತ್ತು ಸಲ. ಹಿಂದಿನಿಂದ ಮೇಲಕ್ಕೆ ಏರ್ತಿದೆ, ಕೈ ಹಾಕಿ ಎಳ್ಕೋಬೇಕು ಅನ್ನಿಸಿದ್ರೆ ಅದು ಸೈಕಲ್ಲಿಗಲ್ಲ, ಬೇರೆ ದಿನಕ್ಕಿಟ್ಕೊಳ್ಳಿ. ಪ್ಯಾಂಟಿ ಟ್ರಯಲ್ಲೂ ಇಲ್ಲ, ರಿಟರ್ನೂ ಇಲ್ಲ, ಅದಕ್ಕೇ ಮೂರರ ಪ್ಯಾಕ್ ಆಸೆಗೆ ಬೀಳ್ಬೇಡಿ. ಒಂದೇ ಒಂದು ತನ್ನಿ, ಒಂದು ರೈಡ್ ಮಾಡಿ, ಸರಿ ಹೋದ್ರೆ ಅದೇ ಕಂಪನಿ ಅದೇ ಮಾಡೆಲ್ ಇನ್ನು ನಾಲ್ಕು ತನ್ನಿ.

ಬಟ್ಟೆ ಬಗ್ಗೆ ಒಂದು ವಾದ ಯಾವಾಗ್ಲೂ ಇದ್ದಿದ್ದೇ, ಕಾಟನ್ನೇ ಬೆಸ್ಟು ಅನ್ನೋದು. ದಿನದ ಓಡಾಟಕ್ಕೆ, ಅರ್ಧ ಗಂಟೆ ಒಳಗಿನ ಸವಾರಿಗೆ ಖಂಡಿತ ಕಾಟನ್ನೇ ಸರಿ, ಲೇಬಲ್ ಮೇಲೆ 95 ಭಾಗ ಕಾಟನ್ 5 ಭಾಗ ಎಲಾಸ್ಟೇನ್ (ಎಳೆದ್ರೆ ಹಿಗ್ಗೋ ನೂಲು) ಅಂತ ಇದ್ರೆ ಆಕಾರ ಕೆಡದಂಗೆ ಇರುತ್ತೆ. ಆದ್ರೆ ಕಾಟನ್ ಬೆವರು ಕುಡಿದು ಹಿಡ್ಕೊಂಡು ಕೂರುತ್ತೆ, ಬಿಡಲ್ಲ. ನಂದಿ ಹತ್ತೋವಾಗ ಇದು ಚೆನ್ನಾಗಿ ಅರ್ಥ ಆಗುತ್ತೆ. ಚೆಕ್‌ಪೋಸ್ಟ್ ದಾಟಿ ತಿರುವು ಶುರುವಾದ ಮೇಲೆ, 40 ತಿರುವು ಅಂತಾರೆ, ಅರ್ಧಕ್ಕೆ ಬರೋ ಹೊತ್ತಿಗೆ ಬೆನ್ನು ಎದೆ ಎಲ್ಲ ತೊಪ್ಪೆ, ಮೇಲೆ ಹೋಗಿ 1478 ಮೀಟರ್ ಎತ್ತರದ ಗಾಳೀಲಿ ನಿಂತ್ರೆ ನಡುಕ, ಇಳಿಯೋವಾಗ ಕೇಳಲೇಬೇಡಿ, ಒದ್ದೆ ಕಾಟನ್ ಬ್ರಾ ಎದೆಗೆ ಐಸ್ ಇಟ್ಟಂಗೆ. ಅದಕ್ಕೇ ಗಂಟೆ ಮೀರೋ ರೈಡಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಎಲಾಸ್ಟೇನ್ ಇರೋ ಡ್ರೈ ಫಿಟ್ ಥರದ್ದು, ಬೆವರನ್ನ ಹೊರ ಮೈಗೆ ತಳ್ಳಿ ಬೇಗ ಒಣಗುತ್ತೆ, ಮಧ್ಯದ ಪಟ್ಟಿ ಮಾತ್ರ ಕಾಟನ್. ಮೋಡಾಲ್, ಬ್ಯಾಂಬೂ ಅಂತ ಮಾರ್ತಾರಲ್ಲ, ಮುಟ್ಟಿದ್ರೆ ಬೆಣ್ಣೆ ಥರ ಇರುತ್ತೆ, ನಿಜ, ಆದ್ರೆ ಅವೂ ನೀರು ಹೀರ್ಕೊಳ್ಳೋ ಬಟ್ಟೆಗಳೇ, ಆಫೀಸಿಗೆ ಹಾಕ್ಕೊಳ್ಳಿ.

ಬಜಾರ್ ರಸ್ತೆ ಅಂಗಡೀಗೆ ಹೋಗಿ ಸೈಕ್ಲಿಂಗ್ ಶಾರ್ಟ್ಸ್ ಕೊಡಿ ಅಂದ್ರೆ ಸ್ಕೂಲ್ ಹುಡ್ಗೀರು ಸ್ಕರ್ಟ್ ಒಳಗೆ ಹಾಕೋ ಟೈಟ್ ಚಡ್ಡಿ ಕೊಡ್ತಾರೆ. ಅದಕ್ಕೆ ಕೂರೋ ಜಾಗದಲ್ಲಿ ಸ್ಪಂಜಿನ ಪ್ಯಾಡ್ ಇರಲ್ಲ, ಆದ್ರೂ ಅದನ್ನ ಹಗುರವಾಗಿ ನೋಡ್ಬೇಡಿ. ಚೂಡಿದಾರ್ ಒಳಗೆ, ಪ್ಯಾಂಟಿ ಮೇಲೆ ಅದನ್ನ ಹಾಕ್ಕೊಂಡ್ರೆ ತೊಡೆ ತೊಡೆ ಉಜ್ಜೋದು ನಿಲ್ಲುತ್ತೆ, ಗಾಳಿಗೆ ಟಾಪ್ ಎದ್ರೂ ಚಿಂತೆ ಇಲ್ಲ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ದಾಗ ಹಳ್ಳಿ ಹಳ್ಳೀಲಿ ಹೆಣ್ಮಕ್ಕಳು ಸೈಕಲ್ ಹತ್ತಿದ್ರು, ಎಂಟನೇ ಕ್ಲಾಸು ಅಂದ್ರೆ ಸರಿಯಾಗಿ ಮೈ ಬದಲಾಗೋ ವಯಸ್ಸು, ಸೈಕಲ್ ಬಂತು, ಒಳಗೆ ಏನು ಹಾಕ್ಕೊಬೇಕು ಅಂತ ಮಾತ್ರ ಯಾರೂ ಹೇಳ್ಕೊಡಲಿಲ್ಲ. ಮನೇಲಿ ಆ ವಯಸ್ಸಿನ ಮಗಳಿದ್ರೆ ಕೇಳೋ ತನಕ ಕಾಯ್ಬೇಡಿ, ಎರಡು ಟೈಟ್ ಶಾರ್ಟ್ಸು ಎರಡು ಹುಕ್ ಇಲ್ಲದ ಬಿಗಿನರ್ಸ್ ಬ್ರಾ ತಂದು ಬೀರುಲಿ ಇಡಿ.

ಇನ್ನು ಕೌಂಟರಲ್ಲಿ ಗಂಡಸರೇ ನಿಂತಿರ್ತಾರೆ, ಸೈಜ್ ಹೇಳೋಕೆ ಸಂಕೋಚ, ಅವರು ತೋರಿಸಿದ್ದನ್ನ ಮುಟ್ಟಿಯೂ ನೋಡದೆ ಪೇಪರಲ್ಲಿ ಸುತ್ತಿಸ್ಕೊಂಡು ಓಡಿ ಬರೋದು, ಇದು ನಮ್ಮೆಲ್ಲರ ಕಥೆ. ಲೇಡೀಸ್ ಸೇಲ್ಸ್ ಇರೋ ಅಂಗಡಿ ಹುಡುಕಿ, ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಹೋಗಿ, ಜನ ಇರಲ್ಲ. ಅಕ್ಕಾ, ಬಿಚ್ಚಿ ತೋರ್ಸಿ, ಹೊಲಿಗೆ ನೋಡ್ಬೇಕು ಅಂದ್ರೆ ತೋರಿಸ್ತಾರೆ. ದುಡ್ಡು ನಮ್ದೇ ತಾನೆ.

ಒಂದೂವರೆ ಎರಡು ಗಂಟೆ ಮೇಲೆ ತುಳಿಯೋರು ಪ್ಯಾಡೆಡ್ ಶಾರ್ಟ್ಸಿಗೆ ಬನ್ನಿ. ಇದು ನಮ್ಮೂರಲ್ಲಿ ಸಿಗೋದು ಕಷ್ಟ, ಬೆಂಗಳೂರಿಗೆ ಹೋದಾಗ ಡೆಕಾಥ್ಲಾನ್ ಅನ್ನೋ ಸ್ಪೋರ್ಟ್ಸ್ ಅಂಗಡೀಲೋ ಸೈಕಲ್ ಶೋರೂಮಲ್ಲೋ ಹಾಕಿ ನೋಡಿ ತಗೊಳ್ಳಿ. ಇದರ ಬಗ್ಗೆ ಒಂದೇ ಮಾತು ನೆನಪಿಟ್ರೂ ಸಾಕು: ಒಳಗೆ ಪ್ಯಾಂಟಿ ಹಾಕಬಾರದು. ಕೇಳಿದ ತಕ್ಷಣ ಅಯ್ಯೋ ಅಂತೀರ, ಎಲ್ಲರೂ ಅಂತಾರೆ. ಆ ಪ್ಯಾಡನ್ನ ಮಾಡಿರೋದೇ ನೇರ ಮೈಗೆ ತಾಗಲಿ ಅಂತ, ಮೇಲ್ಪದರದಲ್ಲಿ ಹೊಲಿಗೆ ಇಲ್ಲ, ಬೆವರು ಒಳಗೆ ನಿಲ್ಲಲ್ಲ. ನಡುವೆ ಪ್ಯಾಂಟಿ ತುರುಕಿದ್ರೆ ಮತ್ತೆ ಅದೇ ಎಲಾಸ್ಟಿಕ್ಕು ಅದೇ ಒದ್ದೆ, ದುಡ್ಡು ಕೊಟ್ಟು ತಂದ ಪ್ಯಾಡ್ ದಂಡ. ಲೇಡೀಸ್ ಪ್ಯಾಡೇ ಕೇಳಿ, ಗಂಡಸರದ್ದು ಬೇರೆ ಆಕಾರ. ಹೆಂಗಸರಿಗೆ ಆ ಎರಡು ಮೂಳೆ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ, ಅದಕ್ಕೇ ಹಿಂದೆ ಅಗಲ ಮುಂದೆ ಗಿಡ್ಡ ಇರುತ್ತೆ. ದಪ್ಪ ಇದ್ದಷ್ಟೂ ಮೆತ್ತಗೆ ಅಂತ ಅಂದ್ಕೋಬೇಡಿ, ದಪ್ಪ ಸ್ಪಂಜು ಅದುಮಿ ತೊಡೆ ನಡುವೆ ಗುಪ್ಪೆ ಆಗುತ್ತೆ, ಬೆರಳಲ್ಲಿ ಒತ್ತಿದ್ರೆ ಗಟ್ಟಿಯಾಗಿ ತಿರುಗಿ ತಳ್ಳಬೇಕು. ನಿಂತಾಗ ಬಾತುಕೋಳಿ ಥರ ನಡೆಯೋ ಹಾಗೆ ಅನ್ನಿಸುತ್ತೆ, ಅದು ಸರಿನೇ, ಸೀಟ್ ಮೇಲೆ ಕೂತಾಗ ನೋಡಿ.

ಮೈಗಂಟೋ ಲೈಕ್ರಾ ಶಾರ್ಟ್ಸ್ ಹಾಕ್ಕೊಂಡು ನಮ್ಮೂರ ಬಿ.ಬಿ. ರಸ್ತೇಲಿ ಹೋಗೋಕೆ ಆಗಲ್ಲ ಅನ್ನೋರಿಗೆ ಇನ್ನರ್ ಥರದ ಪ್ಯಾಡೆಡ್ ಶಾರ್ಟ್ಸ್ ಬರುತ್ತೆ, ತೆಳು ಜಾಲರಿ ಬಟ್ಟೆ, ಮೇಲೆ ಟ್ರ್ಯಾಕ್ ಪ್ಯಾಂಟೋ ಲೂಸ್ ಪ್ಯಾಂಟೋ ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಪಟಿಯಾಲಾ ಮಾತ್ರ ಬೇಡ, ಚೈನಿಗೆ ಸಿಗುತ್ತೆ, ದುಪ್ಪಟ್ಟಾ ಅಂತೂ ಮನೇಲೇ ಬಿಟ್ಟು ಬನ್ನಿ. ಭುಜಕ್ಕೆ ಪಟ್ಟಿ ಬರೋ ಬಿಬ್ ಶಾರ್ಟ್ಸ್ ಸೊಂಟ ಒತ್ತಲ್ಲ, ತುಂಬಾ ಆರಾಮ, ಆದ್ರೆ ಬಾತ್‌ರೂಮಿಗೆ ಹೋಗ್ಬೇಕಂದ್ರೆ ಮೇಲಿನ ಟೀ ಶರ್ಟಿನಿಂದ ಶುರು ಮಾಡಿ ಎಲ್ಲ ಬಿಚ್ಚಬೇಕು. ದಾರೀಲಿ ಹೆಂಗಸರಿಗೆ ಒಂದು ನೆಟ್ಟಗಿನ ಟಾಯ್ಲೆಟ್ ಸಿಗೋದೇ ಅಪರೂಪ, ಹಾಗಿರುವಾಗ ನನ್ನ ಓಟು ಸೊಂಟದ ಶಾರ್ಟ್ಸಿಗೇ. ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯೋದು ಬಿಡೋರಿದಾರೆ, ಅದು ಬೇಡ, ಉರಿಮೂತ್ರಕ್ಕೆ ಅದೇ ದಾರಿ.

ಬ್ರಾ ವಿಷಯದಲ್ಲಿ ನಮ್ಮ ಕಡೆ ಅಂಗಡೀಲಿ ಬರೀ ನಂಬರ್ ಕೇಳ್ತಾರೆ, 32ಆ 34ಆ, ಕಪ್ ಕೇಳೋದೇ ಇಲ್ಲ. ಮನೇಲಿ ಟೈಲರ್ ಟೇಪ್ ತಗೊಂಡು ಎದೆ ಕೆಳಗೆ ಪಕ್ಕೆ ಸುತ್ತ ಬಿಗಿಯಾಗಿ ಅಳತೆ ತಗೊಳ್ಳಿ, ಅದು ಬ್ಯಾಂಡ್. ಆಮೇಲೆ ಎದೆ ತುಂಬಿರೋ ಕಡೆ ಸಡಿಲವಾಗಿ ಇನ್ನೊಂದು ಅಳತೆ. ಎರಡರ ನಡುವೆ ಒಂದಿಂಚು ವ್ಯತ್ಯಾಸ ಇದ್ರೆ ಎ, ಎರಡಾದ್ರೆ ಬಿ, ಮೂರಾದ್ರೆ ಸಿ, ನಾಲ್ಕಾದ್ರೆ ಡಿ. ಕೆಳಗೆ 32, ಮೇಲೆ 35 ಬಂತು ಅಂದ್ರೆ 32 ಸಿ. ಬ್ಯಾಂಡ್ ಅಳತೆ ಬೆಸ ಸಂಖ್ಯೆ ಬಂದ್ರೆ ಮುಂದಿನ ಸಮ ಸಂಖ್ಯೆ ತಗೊಳ್ಳಿ. 32 ಸಿ ಇಲ್ಲ, 34 ಬಿ ಹಾಕ್ಕೊಳ್ಳಿ, ಒಂದೇ ಅಂತ ಅಂಗಡಿಯೋರು ಹೇಳ್ತಾರೆ, ಕಪ್ ಮಟ್ಟಿಗೆ ಸುಳ್ಳಲ್ಲ, ಆದ್ರೆ ಬ್ಯಾಂಡ್ ಸಡಿಲ ಆಗುತ್ತೆ. ಎದೆ ಭಾರ ಹೆಚ್ಚಾಗಿ ಹೊರೋದು ಆ ಕೆಳಗಿನ ಬ್ಯಾಂಡೇ, ಭುಜದ ಪಟ್ಟಿ ಅಲ್ಲ. ಬ್ಯಾಂಡ್ ಒಳಗೆ ಎರಡು ಬೆರಳು ಹೋಗಬೇಕು, ಕೈ ಎತ್ತಿದಾಗ ಮೇಲೆ ಏರಬಾರದು.

ಸೈಕಲ್ಲಲ್ಲಿ ಓಟದಷ್ಟು ಎದೆ ಕುಲುಕಲ್ಲ, ಹಾಗಾಗಿ ರನ್ನಿಂಗಿಗೆ ಅಂತ ಬರೋ ಉಸಿರು ಕಟ್ಟಿಸೋ ಹೈ ಸಪೋರ್ಟ್ ಬೇಕಿಲ್ಲ, ಮೀಡಿಯಂ ಸಾಕು. ಇಲ್ಲಿ ತೊಂದರೆ ಬೇರೆ, ಬಗ್ಗಿ ಕೂರ್ತೀವಲ್ಲ, ಅದು. ಟೇಬಲ್ ಮೇಲೆ ಎರಡೂ ಕೈ ಊರಿ ಹ್ಯಾಂಡಲ್ ಹಿಡಿದಂಗೆ ಬಗ್ಗಿ ಕನ್ನಡಿ ನೋಡಿ. ಮುಂದೆ ಬಾಯಿ ಬಿಟ್ಟಿದ್ರೆ ಕಪ್ ದೊಡ್ಡದು, ಪಟ್ಟಿ ಭುಜದಿಂದ ಜಾರಿದ್ರೆ ಹಿಂದೆ ಕ್ರಾಸ್ ಆಗೋ ಮಾಡೆಲ್ ತಗೊಳ್ಳಿ, ಕಪ್ ಕೆಳಗೆ ತಂತಿ ಇರೋದಾದ್ರೆ ಅಷ್ಟೊತ್ತಿಗೇ ಪಕ್ಕೆಗೆ ಚುಚ್ಚಿರುತ್ತೆ. ತಂತಿದು ಸೈಕಲ್ಲಿಗೆ ಬೇಡವೇ ಬೇಡ. ಬ್ಯಾಗ್ ಹಾಕ್ಕೊಳ್ಳೋರು ಹಿಂದಿನ ಹುಕ್ಕು ಮತ್ತೆ ಪಟ್ಟಿಯ ಪ್ಲಾಸ್ಟಿಕ್ ಬಕಲ್ ಎಲ್ಲಿ ಬರುತ್ತೆ ನೋಡಿ, ಬ್ಯಾಗ್ ಪಟ್ಟಿ ಕೆಳಗೆ ಬಂತಂದ್ರೆ ಭುಜಕ್ಕೆ ಮೊಳೆ ಹೊಡೆದಂಗೆ. ಎದೆ ಚಿಕ್ಕದಿರೋರಿಗೆ ತಲೆ ಮೇಲಿಂದ ಹಾಕೋ ಒತ್ತಿ ಹಿಡಿಯೋ ಥರದ್ದು ಚೆನ್ನ. ದೊಡ್ಡದಿರೋರಿಗೆ ಎರಡೂ ಕಡೆ ಬೇರೆ ಬೇರೆ ಕಪ್ ಇದ್ದು ಹಿಂದೆ ಹುಕ್ ಇರೋ ಸ್ಪೋರ್ಟ್ಸ್ ಬ್ರಾನೇ ಒಳ್ಳೇದು, ಯಾಕಂದ್ರೆ ತೊಪ್ಪೆ ಆಗಿರೋ ಪುಲ್‌ಓವರ್ ಬ್ರಾನ ತಲೆ ಮೇಲಿಂದ ಎಳೆಯೋದಿದೆಯಲ್ಲ, ಎರಡೂ ಕೈ ಮೇಲೆ ಸಿಕ್ಕಾಕ್ಕೊಂಡು, ಮನೇಲಿ ಇನ್ನೊಬ್ಬರು ಇಲ್ದಿದ್ರೆ ಕಷ್ಟ. ಒಳಗೆ ತೆಗೆಯೋ ಸ್ಪಂಜ್ ಪ್ಯಾಡ್ ಇದ್ರೆ ರೈಡ್ ದಿನ ತೆಗೆದಿಡಿ, ಬೆವರು ಹಿಡ್ಕೊಳ್ಳುತ್ತೆ.

ಮುಟ್ಟಿನ ದಿನ ಸೈಕಲ್ ತುಳಿಬಾರದು ಅಂತೇನೂ ಇಲ್ಲ, ಹೊಟ್ಟೆನೋವು ಇಲ್ದಿದ್ರೆ ಹೋಗಿ. ತೊಂದರೆ ಕೊಡೋದು ಸ್ಯಾನಿಟರಿ ಪ್ಯಾಡಿನ ರೆಕ್ಕೆ, ಪ್ಯಾಂಟಿ ಹೊರಗಡೆ ಮಡಿಚಿರೋ ಆ ಪ್ಲಾಸ್ಟಿಕ್ ಅಂಚು ತೊಡೆ ಕೊಯ್ಯುತ್ತೆ. ತೆಳು ಪ್ಯಾಡ್, ಅಗಲ ಗಸೆಟ್ಟಿನ ಬಿಗಿ ಪ್ಯಾಂಟಿ, ಮೇಲೆ ಸ್ಪಂಜ್ ಪ್ಯಾಡ್ ಇಲ್ಲದ ಟೈಟ್ ಶಾರ್ಟ್ಸ್, ಹೀಗೆ ಹಾಕ್ಕೊಂಡ್ರೆ ಜರುಗಲ್ಲ. ಮೆನ್ಸ್ಟ್ರುವಲ್ ಕಪ್ (ಒಳಗಿಟ್ಟು ಮುಟ್ಟಿನ ರಕ್ತ ಹಿಡಿಯೋ ಮೆತ್ತನೆ ಬಟ್ಟಲು) ಅಭ್ಯಾಸ ಇರೋರಿಗೆ ಎಲ್ಲಕ್ಕಿಂತ ಸುಲಭ, ಪ್ಯಾಡೆಡ್ ಶಾರ್ಟ್ಸ್ ಒಳಗೆ ಪ್ಯಾಂಟಿ ಇಲ್ಲದೇನೇ ನಡೆಯುತ್ತೆ. ಮೊದಲ ಸಲ ಕಪ್ ಹಾಕ್ಕೊಳ್ಳೋದನ್ನ ಮಾತ್ರ ರೈಡ್ ದಿನ ಇಟ್ಕೋಬೇಡಿ, ಮನೇಲಿರೋ ದಿನ ಕಲೀರಿ.

ಉಜ್ಜೋ ಕಡೆ, ಅಂದ್ರೆ ತೊಡೆ ಸಂದು, ಬ್ರಾ ಬ್ಯಾಂಡ್ ಕೆಳಗೆ, ಹೊರಡೋ ಮುಂಚೆ ವ್ಯಾಸಲಿನ್ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆನೂ ಆಗುತ್ತೆ, ಬಟ್ಟೆಗೆ ಹತ್ತುತ್ತೆ ಅಷ್ಟೇ. ಹೊರಗಿನ ಚರ್ಮಕ್ಕೆ ಮಾತ್ರ, ಒಳಗೆ ಏನೂ ಹಚ್ಚಬೇಡಿ. ಪೌಡರ್ ಹಾಕೋ ಅಭ್ಯಾಸ ಬಿಡಿ, ಬೆವರಿಗೆ ಹಿಟ್ಟಿನಂಗೆ ಗಂಟಾಗಿ ಇನ್ನೂ ಉಜ್ಜುತ್ತೆ, ಅದೂ ಅಲ್ದೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಪೌಡರಲ್ಲಿರೋ ಟಾಲ್ಕನ್ನ ಕ್ಯಾನ್ಸರ್ ತರೋ ಸಾಧ್ಯತೆ ಇರೋ ವಸ್ತುಗಳ ಪಟ್ಟಿಗೆ ಸೇರಿಸಿದೆ, ಆ ಜಾಗಕ್ಕೆ ಯಾಕೆ ಬೇಕು. ಹಿಂದಿನ ದಿನ ಶೇವ್ ಮಾಡೋದೂ ಬೇಡ, ಚೂರು ಗೀರಿದ್ರೂ ಉಪ್ಪು ಬೆವರಿಗೆ ಉರಿ ತಡೆಯೋಕಾಗಲ್ಲ.

ಎಷ್ಟು ಒಳ್ಳೇದು ತಂದ್ರೂ ಒಣಗಿಸೋ ರೀತಿ ಸರಿ ಇಲ್ದಿದ್ರೆ ಎಲ್ಲ ವೇಸ್ಟು. ನಮ್ಮ ಮನೆಗಳಲ್ಲಿ ಮಹಡಿ ಮೇಲೆ ಹಗ್ಗ, ಹಗ್ಗದ ತುಂಬ ಗಂಡಸರ ಬನಿಯನ್ನು ಚಡ್ಡಿ ರಾಜಾರೋಷವಾಗಿ ನೇತಾಡ್ತಿರುತ್ತೆ, ನಮ್ಮ ಬ್ರಾ ಪ್ಯಾಂಟಿ ಮಾತ್ರ ಟವೆಲ್ ಕೆಳಗೆ, ಸೀರೆ ಮಡಿಕೆ ಒಳಗೆ, ಇಲ್ಲ ಬಾತ್‌ರೂಮ್ ಬಾಗಿಲ ಹಿಂದಿನ ಮೊಳೆಗೆ. ಅಲ್ಲಿ ಒಣಗಲ್ಲ, ಒಣಗಿದಂಗೆ ಕಾಣುತ್ತೆ, ಗಸೆಟ್ ಮುಟ್ಟಿದ್ರೆ ತಣ್ಣಗಿರುತ್ತೆ. ಆ ಅರೆ ಒದ್ದೇನ ಹಾಕ್ಕೊಂಡು ಸೈಕಲ್ ಹತ್ತಿದ್ರೆ ಫಂಗಸ್ಸಿಗೆ ಇನ್ನೇನು ಬೇಕು, ಬಿಸಿ ಇದೆ, ತೇವ ಇದೆ, ಕತ್ತಲೆ ಇದೆ. ಬಿಸಿಲಿಗೆ ಹಾಕಿ, ಉಲ್ಟಾ ಮಾಡಿ, ಮೇಲೇನೂ ಹೊದಿಸದೆ. ಪಕ್ಕದ ಮನೆಯೋರು ನೋಡಿದ್ರೆ ನೋಡ್ಲಿ, ಅವರ ಮನೇಲೂ ಹಾಕ್ಕೊಳ್ತಾರೆ. ಮಳೆಗಾಲದಲ್ಲಿ ಕಾಟನ್ನಿಗೆ ಒಳಗಿನಿಂದ ಇಸ್ತ್ರಿ ಮಾಡಿ, ನೈಲಾನಿಗೆ ಇಸ್ತ್ರಿ ತಾಗಿಸಬೇಡಿ, ಫ್ಯಾನ್ ಕೆಳಗೆ ಹರಡಿ. ಪ್ಯಾಡೆಡ್ ಶಾರ್ಟ್ಸನ್ನ ಪ್ರತಿ ರೈಡ್ ಆದ ಮೇಲೂ ಒಗೀಬೇಕು, ನಾಳೆ ಇನ್ನೊಂದ್ಸಲ ಹಾಕ್ಕೊಂಡು ಒಗೀತೀನಿ ಅನ್ನೋದು ಬೇಡ. ಘಮ ಘಮ ಅಂತ ಕೊನೇಲಿ ಅದ್ದೋ ಕಂಡೀಶನರ್ ಲಿಕ್ವಿಡ್ ಹಾಕ್ಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಎಳೆಯೋ ಗುಣ ಹಾಳು ಮಾಡುತ್ತೆ.

ರೈಡ್ ಮುಗಿದ ತಕ್ಷಣ ಬದಲಾಯಿಸಿ. ಬೆಟ್ಟ ಇಳಿದು ಹೋಟೆಲಲ್ಲಿ ಇಡ್ಲಿ, ವಡೆ, ಎರಡು ಕಾಫಿ, ಫೋಟೋ, ಹರಟೆ, ಇದೆಲ್ಲ ಅದೇ ಒದ್ದೆ ಶಾರ್ಟ್ಸಲ್ಲಿ ಗಂಟೆಗಟ್ಟಲೆ ನಡೀತದೆ. ಬ್ಯಾಗಲ್ಲಿ ಒಂದು ಒಣ ಕಾಟನ್ ಪ್ಯಾಂಟಿ, ಒಂದು ಲೂಸ್ ಪ್ಯಾಂಟ್, ಒದ್ದೇದು ಹಾಕೋಕೆ ಒಂದು ಕವರ್ ಇಟ್ಕೊಳ್ಳಿ, ಹೋಟೆಲ್ ಬಾತ್‌ರೂಮಲ್ಲಿ ಐದು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿದ್ಮೇಲೂ ನೋವಿದ್ರೆ ಇನ್ನೊಂದು ಪ್ಯಾಂಟಿ ತರೋಕೆ ಹೋಗಬೇಡಿ, ಸೀಟ್ ನೋಡಿ. ಮೂತಿ ಮೇಲಕ್ಕೆ ಎದ್ದಿದ್ರೆ ಸಮ ಮಾಡಿಸಿ. ಎತ್ತರ ಜಾಸ್ತಿ ಆಗಿದ್ರೆ ಪೆಡಲ್ ಕೆಳಗೆ ಹೋದಾಗ ಸೊಂಟ ಆ ಕಡೆ ಈ ಕಡೆ ಓಲಾಡುತ್ತೆ, ಆ ಓಲಾಟವೇ ಉಜ್ಜಾಟ, ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟಾಗ ಕಾಲು ನೇರ ಆದ್ರೆ ಸರಿ ಇದೆ ಅಂತ. ಸ್ಪ್ರಿಂಗ್ ಇರೋ ಅಗಲ ಸೀಟು ಹತ್ತಿರದ ಓಡಾಟಕ್ಕೆ ಚೆನ್ನಾಗಿರುತ್ತೆ, ದೂರಕ್ಕೆ ಅದೇ ತೊಡೆಗೆ ಅಡ್ಡ ಬರುತ್ತೆ.

ಕೂರೋ ಜಾಗ ಮರಗಟ್ಟಿದ್ದು ಸೈಕಲ್ ಇಳಿದ ಮೇಲೂ ಹೋಗದೆ ಇದ್ರೆ, ಕುರು ಎದ್ದು ಕೀವಾದ್ರೆ, ಮೊಸರಿನ ಥರ ಬಿಳಿ ಹೋಗಿ ತುರಿಕೆ ಇದ್ರೆ, ಉರಿಮೂತ್ರ ಇದ್ರೆ, ಜಿಲ್ಲಾಸ್ಪತ್ರೆಗೋ ನಿಮ್ಮ ಡಾಕ್ಟ್ರ ಹತ್ರಕ್ಕೋ ಹೋಗಿ. ಮೆಡಿಕಲ್ ಸ್ಟೋರಲ್ಲಿ ತುರಿಕೆಗೆ ಏನಾದ್ರೂ ಕೊಡಿ ಅಂದ್ರೆ ಸ್ಟೀರಾಯ್ಡ್ ಮಿಕ್ಸ್ ಇರೋ ಕ್ರೀಮ್ ಕೊಡ್ತಾರೆ, ಎರಡು ದಿನಕ್ಕೆ ಮಾಯ ಆದಂಗೆ ಆಗಿ ಆಮೇಲೆ ದುಪ್ಪಟ್ಟು ಹರಡುತ್ತೆ, ನಮ್ಮ ದೇಶದಲ್ಲಿ ಗಜಕರ್ಣ ಇಷ್ಟು ಹಠಮಾರಿ ಆಗಿರೋದಕ್ಕೆ ಚರ್ಮದ ಡಾಕ್ಟ್ರುಗಳು ಬೈಯೋದು ಇದನ್ನೇ. ಟ್ಯೂಬ್ ಮೇಲೆ ಕ್ಲೋಬೆಟಾಸಾಲ್ ಅಂತ ಇದ್ರೆ, ಅದು ಜೋರಾದ ಸ್ಟೀರಾಯ್ಡು, ಡಾಕ್ಟ್ರು ಬರೆದು ಕೊಡದೆ ಮುಟ್ಟಬೇಡಿ.

ಯಾವಾಗ ಬಿಸಾಕಬೇಕು ಅಂದ್ರೆ, ಪ್ಯಾಂಟಿ ಎಲಾಸ್ಟಿಕ್ ಎಳೆದು ಬಿಟ್ಟಾಗ ವಾಪಸ್ ಬರದಿದ್ರೆ, ಬ್ರಾ ಕೊನೇ ಹುಕ್ಕಲ್ಲಿ ಹಾಕಿದ್ರೂ ಬ್ಯಾಂಡ್ ಬೆನ್ನ ಮೇಲೆ ಏರ್ತಿದ್ರೆ, ಪ್ಯಾಡನ್ನ ಹೆಬ್ಬೆರಳಲ್ಲಿ ಒತ್ತಿದ ಗುಂಡಿ ಹಾಗೇ ಉಳಿದ್ರೆ. ಹಳೇದು ಸೈಕಲ್ ಚೈನ್ ಒರೆಸೋಕೆ ಆಗುತ್ತೆ, ಕಾಟನ್ ಆದ್ರೆ.